ಹಗರಣಕ್ಕೆ ಕೊಟ್ಟ ಆರ್ಡರು

ಈ ವರ್ಷದ ಹೋಳಿ ಹುಣ್ಣಿಮೆಯಂದು, ಕುಮಟೆಯ ನಡುಪೇಟೆಯಲ್ಲಿ, ನೆರೆದ ಜನಸ್ತೋಮದ ಎದುರು ನನ್ನ ಮಾನವನ್ನು ನಾನೇ ಹರಾಜು ಹಾಕಿಸಿಕೊಂಡು ತೀರುತ್ತೇನೆಂದು ಶಪಥ ಮಾಡಿದೆ! ಭೀಷ್ಮನೂ ಇಷ್ಟು ಕಠಿಣ ಶಪಥ ಮಾಡಿರಲಾರ. ಅವನು ಮದುವೆ ಬೇಡವೆಂದ, ಅಷ್ಟೆ. ಆಮೇಲೆ ಕೇಳುವವರು ಯಾರಿದ್ದರು? ನಾನು ಮದುವೆಯಾಗಿ ಮಗಳು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಶಪಥ ಮಾಡಿದವನು.

ಮಾನ ಹರಾಜು ಹಾಕಿಸಿಕೊಳ್ಳುವ ಚಟ ನನಗೇಕೆ ಬಂತೆಂದು ಹೇಳಬೇಕಾದರೆ ಮೊದಲು ಹಗರಣದ ವಿಷಯ ಹೇಳಬೇಕು. ಪೇಪರಿನಲ್ಲಿ ಬರುವ ಕೋಟಿಗಟ್ಟಲೆಯ ಹಗರಣವಲ್ಲ. ಅದಕ್ಕೆ ನನ್ನಲ್ಲಿ ಬಂಡವಾಳವಿಲ್ಲ. ನಮ್ಮ ಕಡೆ ಹೋಳಿಯ ಹೊತ್ತಿಗೆ ಸುತ್ತಲಿನ ಹಳ್ಳಿಗಳ ತಂಡಗಳು ವೇಷ ಕಟ್ಟಿ, ಗುಮಟೆ ಬಾರಿಸುತ್ತ, ಪದ ಹೇಳುತ್ತ ಪೇಟೆಗೆ ಬರುತ್ತವೆ. ಹೋದ ಹೋಳಿಯಿಂದ ಈ ಹೋಳಿಯವರೆಗೆ ಊರಲ್ಲಿ ಯಾರು ಎಲ್ಲಿ ಜಾರಿದರು, ಯಾರ ಬಣ್ಣ ಎಲ್ಲಿ ಬಯಲಾಯಿತು ಎಂಬುದನ್ನೆಲ್ಲ ನಡುರಸ್ತೆಯಲ್ಲಿ ಆಡಿ ತೋರಿಸುತ್ತವೆ. ಇದೇ ಹಗರಣ. ಗೇಲಿಗೆ ಸಿಕ್ಕವನು ಸಿಟ್ಟಾಗುವ ಹಾಗಿಲ್ಲ. ನಗುನಗುತ್ತ ಮುಂದೆ ಬಂದು ತಂಡದ ಯಜಮಾನನ ಕೈಗೆ ಒಂದು ತೆಂಗಿನಕಾಯಿ, ಒಂದು ಎಲೆಯಡಿಕೆಯ ಕವಳ ಕೊಡಬೇಕು. ಕೊಡದೆ ಅಡಗಿ ಕೂತನೋ, ತಂಡ ಅವನ ಮನೆ ಬಾಗಿಲಿಗೇ ಹೋಗಿ ಅವನ ಅಜ್ಜನ ಕಾಲದ ಕತೆಯಿಂದ ಶುರು ಮಾಡುತ್ತದೆ!

ನನ್ನ ಪಾತ್ರೆ ಅಂಗಡಿಯ ಎದುರಿಗೇ ಸುಧಾಕರನ ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಹೋದ ವರ್ಷ ಅವನು ಗಿರಾಕಿಯೊಬ್ಬನಿಗೆ, "ಈ ಕುರ್ಚಿ ಆನೆ ಕೂತ್ರೂ ಮುರಿಯೂದಿಲ್ಲ" ಎಂದು ಎಗರಿ ಕೂತು ತೋರಿಸಿದ. ಆನೆಯ ವಿಷಯ ನನಗೆ ತಿಳಿಯದು. ಸುಧಾಕರ ಕೂತಾಗ ಮುರಿಯಿತು. ಹಗರಣದವರು ಬಿಡುತ್ತಾರೆಯೇ? ಆನೆಯ ವೇಷ, ಕುರ್ಚಿಯ ವೇಷ, ನಡುವೆ ಸೊಂಟ ಹಿಡಿದುಕೊಂಡ ಸುಧಾಕರನ ವೇಷ! ನಾನು ಬಾಗಿಲ ಮರೆಯಲ್ಲಿ ನಿಂತು, ನೆರೆಹೊರೆಯವನ ಕಷ್ಟಕ್ಕೆ ಎಷ್ಟು ಸಂತೋಷ ಪಡಬಹುದೋ ಅಷ್ಟು ಪಟ್ಟೆ.

ಮರುದಿನ ನೋಡಿದರೆ ಅವನ ಅಂಗಡಿಯೆದುರು ಜನವೋ ಜನ! "ಕುರ್ಚಿ ಸುಧಾಕರ ಇಂವನೇ ಹೌದನ?" ಎಂದು ನೋಡಲು ಬಂದವರು. ಬರಿದೇ ನೋಡಿ ಹೋಗಲು ಸಂಕೋಚವಾಗಿ ಒಂದೊಂದು ಬಕೆಟ್ ಒಯ್ದರು. ಮಾನ ಒಂದು ದಿನ ಹೋಯಿತು, ವ್ಯಾಪಾರ ಇಡೀ ವರ್ಷ ಆಯಿತು!

ನಮ್ಮ ಬೀದಿಯಲ್ಲಿ ಹಗರಣಕ್ಕೆ ಸಿಗದೆ ಉಳಿದವರು ಇನ್ನು ಇಬ್ಬರೇ. ಒಬ್ಬ ನಾನು, ಇನ್ನೊಂದು ಬೀದಿ ತುದಿಯಲ್ಲಿ ಕೆಟ್ಟು ನಿಂತ ಹಳೇ ಲಾರಿ. ಲಾರಿಗಾದರೂ ಜನ ಒರಗಿ ನಿಲ್ಲುತ್ತಾರೆ. ನನ್ನನ್ನು ಕೇಳುವವರಿಲ್ಲ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಈ ಸಲ ನನ್ನ ಹೆಸರು ಹಗರಣಕ್ಕೆ ಹತ್ತಲೇಬೇಕು. ಇಲ್ಲವಾದರೆ 'ಪಾತ್ರೆ ವೆಂಕಟ್ರಮಣ' ಎಂಬವನೊಬ್ಬ ಕುಮಟೆಯಲ್ಲಿ ಬದುಕಿದ್ದಾನೆಂದು ಯಾರಾದರೂ ನಂಬುವುದು ಹೇಗೆ?

ಸರಿಯಾಗಿ ಅದೇ ಹೊತ್ತಿಗೆ ನಮ್ಮ ಮನೆಗೆ ಸ್ಪೇನ್ ದೇಶದ ಪ್ರವೇಶವಾಯಿತು. ನನ್ನ ಹೆಂಡತಿ ಮಾಲಿನಿಯ ಗೆಳತಿ ಸುಚಿತಾ ಎಂಬಾಕೆ ಹೊನ್ನಾವರದವಳು. ಗಂಡ ಮಕ್ಕಳ ಸಮೇತ ಸ್ಪೇನಿಗೆ ಹೋಗಿ, ಯಾವುದೋ ಸಣ್ಣ ಊರಿನ ಕಾರ್ನಿವಲ್ ನೋಡಿ ಬಂದು, ಫೋಟೋಗಳ ಮಳೆಗರೆದಿದ್ದಳು. ಮಾಲಿನಿ ಮೊಬೈಲನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ನೋಡ್ರಿ ಇಲ್ಲಿ. ಗಂಡ, ಹೆಂಡ್ತಿ, ಮಕ್ಳು, ಮುದುಕ್ರು ಎಲ್ಲ ವೇಷ ಹಾಕಿ ರಸ್ತೆಲಿ ಪದ ಹೇಳ್ತ್ರಂತೆ. ಊರ ದೊಡ್ಡವ್ರಿಗೆಲ್ಲ ಪದದಲ್ಲೇ ಗೇಲಿ ಮಾಡ್ತ್ರಂತೆ. ಕಡೇ ದಿವ್ಸ ತಾರ್ಲೆ ಮೀನಿಗೆ ಶವಯಾತ್ರೆ! ಕರೀ ಬಟ್ಟೆ ಹಾಕ್ಕಂಡು ಎದೆ ಬಡ್ಕಂಡು ಅಳ್ತ್ರಂತೆ!"

"ತಾರ್ಲೆಗೆ ಶವಯಾತ್ರೆಯಾ? ಪಾಪ, ಹುರಿಯೂಕೆ ಗೊತ್ತಿಲ್ಲದ ಜನ. ನಾವು ಖಾರ ಹಚ್ಚಿ ಕಾವಲಿ ಮೇಲಿಟ್ಟು ತಾರ್ಲೆಗೆ ನೇರ ಮೋಕ್ಷನೇ ಕೊಡ್ತೇವೆ."

"ತಮಾಷೆ ಸಾಕು. ನಾವು ಯಾವಾಗ ಹೋಗೂದು?"

ಗಿರಾಕಿ ಅಂಗಡಿಯಲ್ಲಿಲ್ಲದ ಮಾಲು ಕೇಳಿದರೆ 'ಇಲ್ಲ' ಎನ್ನುವವನು ವ್ಯಾಪಾರಿಯಲ್ಲ. 'ಅದಕ್ಕಿಂತ ಚಲೋದು ಅದೆ' ಎನ್ನುವವನು ವ್ಯಾಪಾರಿ.

"ಹುಚ್ಚಿ! ಅದೇ ವೇಷ, ಅದೇ ಪದ, ಅದೇ ಗೇಲಿ ನಮ್ಮ ಹಗರಣದಲ್ಲಿ ಇಲ್ವಾ? ಸ್ಪೇನಿನವ್ರೇ ಇಲ್ಲಿ ಬಂದು ಕಲ್ತು ಹೋದದ್ದು ಇರೂಕೂ ಸಾಕು. ಈ ವರ್ಷ ನಾವು ಮನೆ ಮಂದಿಯೆಲ್ಲ ವೇಷ ಹಾಕುವ. ಆತಾ?"

"ನೀವೂ ಹಾಕ್ತ್ರ್ಯಾ?"

"ನಾನೇ ಮೊದ್ಲು!"

ಮಾಲಿನಿ ಮಗಳು ಅರ್ಚಿತಾಳ ಮುಖ ನೋಡಿದಳು. ಅರ್ಚಿತಾ ತಾಯಿಯ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ, "ಆತು" ಎಂದರು. ಅಂಗಡಿ ಮೆಟ್ಟಿಲು ಹತ್ತುವ ಗಿರಾಕಿಯ ಮುಖ ನೋಡಿ ಅವನ ಮನೆಯ ಒಲೆ ಎಷ್ಟು ದೊಡ್ಡದೆಂದು ಹೇಳಬಲ್ಲ ನಾನು, ಆ ಎರಡು ಮುಖಗಳನ್ನು ಓದುವುದರಲ್ಲಿ ಸೋತೆ. ಅಷ್ಟು ಬೇಗ ಒಪ್ಪುವ ಗಿರಾಕಿಯ ಮೇಲೆ ಸಂಶಯ ಪಡಬೇಕೆಂಬ ಮೊದಲ ಪಾಠವೇ ಮರೆತುಹೋಯಿತು!

ಮರುದಿನ ಬೆಳಿಗ್ಗೆಯೇ ಹೊಳನಗದ್ದೆಗೆ ಸ್ಕೂಟರು ಬಿಟ್ಟೆ. ಅಲ್ಲಿಯ ತಂಡದ ಯಜಮಾನ ದುರ್ಗಪ್ಪ. ಅವನ ತಂಡದ ಗೇಲಿಗೆ ಸಿಕ್ಕರೆ ಅಂಕೋಲೆಯಿಂದ ಭಟ್ಕಳದವರೆಗೆ ಸುದ್ದಿ. ಪ್ರೀತಿಯ ಕಾಣಿಕೆಯೆಂದು ಒಂದು ಸ್ಟೀಲ್ ಡಬ್ಬಿಗಳ ಸೆಟ್ಟನ್ನೂ ಒಯ್ದಿದ್ದೆ. ಮುಚ್ಚಳ ಸರಿಯಾಗಿ ಕೂರದೆಂದು ಗಿರಾಕಿಗಳು ವಾಪಸು ತಂದ ಸೆಟ್ಟು. ಆದರೆ ಪ್ರೀತಿಗೆ ಮುಚ್ಚಳ ಯಾಕೆ?

ದುರ್ಗಪ್ಪ ಅಂಗಳದಲ್ಲಿ ಗುಮಟೆಗೆ ಚರ್ಮ ಬಿಗಿಯುತ್ತಿದ್ದ.

"ಎಂತ ಸಾವ್ಕಾರ್ರೆ, ದಾರಿ ತಪ್ಪಿತಾ?"

"ಈ ಸಲ ಹಗರಣ ಯಾರದು ದುರ್ಗಪ್ಪ?"

"ಅದ್ನ ಮೊದ್ಲೇ ಹೇಳೂಕೆ ಬತ್ತದ್ಯಾ?"

"ಹೇಳೂದು ಬೇಡ. ನಾ ಹೇಳ್ತೆ, ನೀ ಕೇಳು. ನಂದೇ ಮಾಡು!"

ದುರ್ಗಪ್ಪನ ಕೈ ನಿಂತಿತು. "ನಿಮ್ದಾ? ನೀವು ಎಂತ ಮಾಡೀರಿ?"

"ಎಂತದೂ ಮಾಡ್ಲಿಲ್ಲ. ಅದೇ ತೊಂದ್ರೆ. ಅದ್ಕೇ ಕತೆ ನಾನೇ ತಂದೆ. ವೆಂಕಟ್ರಮಣ ಅಂದ್ರೆ ಒಬ್ಬ ಪೆದ್ದ. ಕೊಂಡ ಬೆಲೆಗಿಂತ ಕಡ್ಮೆಗೆ ಪಾತ್ರೆ ಮಾರ್ತ. ಗಿರಾಕಿ ಕಣ್ಣಲ್ಲಿ ನೀರು ಕಂಡ್ರೆ ಕುಕ್ಕರು ಪುಕ್ಕಟೆ ಕೊಡ್ತ. ಹೆಂಡ್ತಿ ಬಾಯಿ ಬಡ್ಕಂತದೆ. ಎಷ್ಟು ಬೇಕಾದ್ರೂ ಗೇಲಿ ಮಾಡು, ನಂಗೆ ಬೇಜಾರಿಲ್ಲ!"

"ಅಂದ್ರೆ, ಹಗರಣಕ್ಕೆ ಆರ್ಡ್ರು ಕೊಡೂಕೆ ಬಂದೀರಿ."

"ಆರ್ಡ್ರು ಅಲ್ಲ ಮಾರಾಯ, ಸಲಹೆ."

ದುರ್ಗಪ್ಪ ಒಂದು ಡಬ್ಬಿ ಎತ್ತಿ ಮುಚ್ಚಳ ಹಾಕಿದ. ಮುಚ್ಚಳ 'ಟಣ್' ಎಂದು ಹಾರಿತು. ಇನ್ನೊಂದಕ್ಕೆ ಹಾಕಿದ. ಅದೂ ಹಾರಿತು. ಅವನು ಮುಚ್ಚಳವನ್ನೂ ನೋಡಿದ, ನನ್ನನ್ನೂ ನೋಡಿದ.

"ಆತು, ನೋಡ್ವ" ಎಂದ.

'ನೋಡ್ವ' ಎಂದರೆ ನಮ್ಮ ಕಡೆ ಹದಿನಾರು ಅರ್ಥ. ನಾನು ನನಗೆ ಬೇಕಾದದ್ದನ್ನು ಆರಿಸಿಕೊಂಡು ಸ್ಕೂಟರು ಏರಿದೆ.

ಇನ್ನು ನನ್ನ ವೇಷ. ಇದರಲ್ಲಿಯೂ ನನ್ನದೊಂದು ಮಹಾ ಯೋಜನೆಯಿತ್ತು. ತಂಡ ನನ್ನ ಗೇಲಿ ಮಾಡುವಾಗ ಜನ ಏನೆನ್ನುತ್ತಾರೆಂದು ಅವರ ನಡುವೆಯೇ ನಿಂತು ಕೇಳಬೇಕು. 'ವೆಂಕಟ್ರಮಣ ಎಲ್ಲಿ?' ಎಂಬ ಕೂಗು ಎದ್ದಾಗ ಒಂದೇ ಏಟಿಗೆ ಮುಖವಾಡ ಕಿತ್ತೆಸೆದು, 'ಇಗೋ ಇಲ್ಲಿದ್ದೇನೆ!' ಎಂದು ಕಾಯಿ ಹಿಡಿದು ಪ್ರತ್ಯಕ್ಷನಾಗಬೇಕು. ಕಂಬದಿಂದ ನರಸಿಂಹ ಬಂದಂತೆ!

ಮಾಲಿನಿಯ ತಮ್ಮ ಗುರುದತ್ತನಿಗೆ ಹೊನ್ನಾವರದಲ್ಲಿ ಶಾಮಿಯಾನದ ಕೆಲಸ. ಮದುವೆ, ಉದ್ಘಾಟನೆಗೆ ಬೇಕಾದ ಸಾಮಾನೆಲ್ಲ ಅವನಲ್ಲಿ ಬಾಡಿಗೆಗೆ ಸಿಗುತ್ತದೆ. ಫೋನು ಮಾಡಿದೆ. ಹೋಳಿಯ ಬೆಳಿಗ್ಗೆ ರಿಕ್ಷಾದಲ್ಲಿ ಒಂದು ಕರಡಿಯನ್ನು ಕೂರಿಸಿಕೊಂಡು ಬಂದ. ಭಟ್ಕಳದಲ್ಲಿ ಹೊಸ ಮೊಬೈಲ್ ಅಂಗಡಿಯ ಬಾಗಿಲಲ್ಲಿ ನಿಂತು ಹೋಗಿಬರುವವರಿಗೆಲ್ಲ ಕೈಬೀಸಿದ ಕರಡಿಯಂತೆ ಅದು. ಹಂಡೆಯಷ್ಟು ದೊಡ್ಡ ತಲೆ, ಹೊಟ್ಟೆಯ ಮೇಲೆ ಕೆಂಪು ಹೃದಯ, ಮೈತುಂಬ ಗಂಟುಗಂಟಾದ ನೈಲಾನ್ ಕೂದಲು.

"ಬಾವ, ಮಾರ್ಚ್ ತಿಂಗ್ಳು. ಒಳಗೆ ಸೆಕೆ ಆಗ್ತದೆ" ಎಂದ ಗುರುದತ್ತ.

"ಕೀರ್ತಿಗೆ ಸೆಕೆಯಿಲ್ಲ!" ಎಂದೆ.

"ಜಿಪ್ಪು ಸ್ವಲ್ಪ ತೊಂದ್ರೆ ಕೊಡ್ತದೆ."

"ಕೀರ್ತಿಗೆ ಜಿಪ್ಪೂ ಇಲ್ಲ! ಎಳಿ!"

ಎಳೆದ. ಸೊಂಟದಿಂದ ಕತ್ತಿನವರೆಗೆ ಸರ್ರನೆ ಬಂದ ಜಿಪ್ಪು, ಕತ್ತಿನ ಹತ್ತಿರ ಕೂದಲು ಕಚ್ಚಿಕೊಂಡು ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅಷ್ಟರಲ್ಲಿ ಗುರುದತ್ತ ತಲೆಯನ್ನೂ ಕೂರಿಸಿ ಸುತ್ತಲಿನ ಕೊಕ್ಕೆಗಳನ್ನು ಹಾಕಿಬಿಟ್ಟಿದ್ದ.

"ಬಾವ, ಜಿಪ್ಪು ಸಿಕ್ಕಿಬಿತ್ತು. ಕೊಕ್ಕೆಯೂ ಅದರ ಕೆಳಗೆ ಸಿಕ್ಕಂಡದೆ."

"ತೆಗಿ ಮತ್ತೆ!"

"ತೆಗೂಕೆ ಬರೂದಿಲ್ಲ. ಹರಿದ್ರೆ ಭಟ್ಕಳದವ್ರು ನನ್ನ ಹರೀತ್ರು. ಸಂಜೆಗೆ ನೋಡ್ವ" ಎಂದು ಅವನು ರಿಕ್ಷಾ ಹತ್ತಿ, ಹೊನ್ನಾವರದಲ್ಲಿ ಒಂದು ಶಾಮಿಯಾನ ಬಿಚ್ಚುವುದಿದೆಯೆಂದು ಮಾಯವಾದ. ಬಾವನನ್ನು ಬಿಚ್ಚಲಾರದವನು ಶಾಮಿಯಾನ ಬಿಚ್ಚಲು ಹೋದ!

ಕರಡಿಯ ಕಣ್ಣು ನನ್ನ ಕಣ್ಣಿಗೆ ಸರಿಯಾಗಿ ಬರುತ್ತಿರಲಿಲ್ಲ. ಅದರ ಬಾಯಿಯೊಳಗಿನ ಬಲೆಯಿಂದಲೇ ಜಗತ್ತನ್ನು ನೋಡಬೇಕು. ಮಾಲಿನಿಯನ್ನು ಕೂಗಿದೆ. ಉತ್ತರವಿಲ್ಲ. ಅರ್ಚಿತಾಳನ್ನು ಕೂಗಿದೆ. ಇಲ್ಲ. ಜಗಲಿಯಲ್ಲಿ ನನ್ನ ತಾಯಿ, ಆಯಿ, ಒಬ್ಬಳೇ ಕವಳ ಕುಟ್ಟುತ್ತ ಕೂತಿದ್ದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಆಯಿ, ನಾನೇ. ಇವ್ರೆಲ್ಲ ಎಲ್ಲಿ ಹೋದ್ರು?"

"ವೇಷ ಕಟ್ಟೂಕೆ ಹೋದ್ರು. ನನ್ನ ಪೇಟೆಗೆ ಬಿಡು ಅಂದ್ರೆ ಇದೆಂಥ ಅವತಾರನಾ?"

ಹೀಗೆ ಕರಡಿಯೊಂದು ಮುದುಕಿಯ ಕೈಹಿಡಿದು ಕುಮಟೆ ಪೇಟೆಗೆ ಬಂತು. ಆಯಿಯನ್ನು ನನ್ನ ಅಂಗಡಿಯೆದುರು ಕುರ್ಚಿ ಹಾಕಿ ಕೂರಿಸಿದೆ. ಒಂದು ಕೈಯಲ್ಲಿ ತೆಂಗಿನಕಾಯಿ ಹಿಡಿದು ಬೀದಿಗಿಳಿದೆ.

ತಂಡದ ಸುಳಿವಿಲ್ಲ. ಸೆಕೆಯೆಂದರೆ ಸೆಕೆ! ನನ್ನ ಬೆವರು ಎರಡೂ ಕಾಲಿನ ಪಾದಗಳಲ್ಲಿ ಕೆರೆ ಕಟ್ಟಿತು; ನಡೆದರೆ 'ಪಚಕ್ ಪಚಕ್'. ಬೀದಿಯ ಆ ತುದಿಗೆ ಹೋಗಿ ಗುಮಟೆಯ ಸದ್ದು ಕೇಳುತ್ತದೆಯೇ ಎಂದು ಕಿವಿಗೊಟ್ಟೆ. ಯಾವ ಕಿವಿ? ಕರಡಿಯ ಕಿವಿ ಹೊರಗೆ, ನನ್ನದು ಒಳಗೆ. ಈ ತುದಿಗೆ ಬಂದೆ. ಮತ್ತೆ ಆ ತುದಿ. ನಿಂತರೆ ಸೆಲ್ಫಿ ಹೊಡೆಯುವವರ ಕಾಟ. ಗುರುತಿಲ್ಲದ ಹೆಂಗಸೊಬ್ಬಳು, "ಹಿಡ್ಕ ಕರಡಿಮಾಮ" ಎಂದು ತನ್ನ ಕೂಸನ್ನು ನನ್ನ ತೋಳಿಗೆ ಹಾಕಿ ಫೋಟೋ ತೆಗೆದಳು. ಕೂಸು ಅತ್ತಿತು. ನಾನೂ ಅಳಬಹುದಿತ್ತು, ಆದರೆ ಒಳಗೆ ನೀರಿಗೆ ಜಾಗವಿರಲಿಲ್ಲ.

ಅಷ್ಟರಲ್ಲಿ ಎದುರಂಗಡಿಯಿಂದ ಸುಧಾಕರ ಬಂದ. ನನ್ನ ಹೆಗಲ ಮೇಲೆ ಕೈಹಾಕಿದ. ಹದಿನೈದು ವರ್ಷದಲ್ಲಿ ಮೊದಲ ಸಲ!

"ಚಲೋ ಕರಡಿ! ಯಾರ ಕಡೆಯದ್ರಾ ನೀನು?"

ಮಾತಾಡಿದರೆ ಗುಟ್ಟು ರಟ್ಟಾಗುತ್ತದೆ. ಸುಮ್ಮನೆ ತಲೆಯಾಡಿಸಿದೆ.

"ಯಾರದೂ ಅಲ್ಲ? ಹಂಗಾದ್ರೆ ಇದೊಂದಿಷ್ಟು ಹಂಚಿಬಿಡು, ನಿಂಗೆ ಕೋಕಂ ಕುಡಿಸ್ತೆ" ಎಂದು ನನ್ನ ಖಾಲಿ ಕೈಗೆ ಒಂದು ಕಟ್ಟು ಚೀಟಿ ತುರುಕಿದ. 'ಹೋಳಿ ಪ್ರಯುಕ್ತ ಸುಧಾಕರನಲ್ಲಿ ಬಕೆಟಿಗೆ ಮಗ್ಗು ಉಚಿತ!'

ಬಿಸಾಡಬೇಕೆಂದೆ. ಕರಡಿಯ ಕೈಗೆ ಬೆರಳಿಲ್ಲ. ಚೀಟಿ ಬೆವರಿಗೆ ಅಂಟಿಕೊಂಡಿತ್ತು. ಝಾಡಿಸಿದೆ. ಝಾಡಿಸಿದಂತೆ ಒಂದೊಂದೇ ಹಾರಿ ಜನರ ಕೈಸೇರಿತು. "ಎಷ್ಟು ಚಂದ ಹಂಚ್ತದೆ ನೋಡೇ!" ಎಂದು ಯಾರೋ ಮೆಚ್ಚಿದರು. ನನ್ನ ಅಂಗಡಿಯ ಎದುರೇ ನಿಂತು, ನನ್ನ ಬೆವರು ಸುರಿಸಿ, ಸುಧಾಕರನ ಮಗ್ಗಿನ ಪ್ರಚಾರ ಮಾಡಿದವನು ಜಗತ್ತಿನಲ್ಲಿ ನಾನೊಬ್ಬನೇ!

ಕೊನೆಗೂ ಗುಮಟೆಯ ಸದ್ದು ಕೇಳಿತು. ಬಂತು ಹೊಳನಗದ್ದೆಯ ತಂಡ! ತಲೆಗೆ ತುರಾಯಿ, ಮುಖಕ್ಕೆ ಬಣ್ಣ, ಮುಂದೆ ದುರ್ಗಪ್ಪ. ಪದ ಹೇಳುವವರ ಸಾಲಿನಲ್ಲಿ ಮುಂಡಾಸು ಸುತ್ತಿಕೊಂಡು ಗುಮಟೆ ಹಿಡಿದವಳು ಯಾರು? ನನ್ನ ಮಗಳು ಅರ್ಚಿತಾ! ಎದೆ ಉಬ್ಬಿತು. ಕರಡಿಯ ಹೃದಯವೂ ಉಬ್ಬಿತು. ತಂಡ ನೇರ ಬಂದು ನನ್ನ ಅಂಗಡಿಯೆದುರೇ ನಿಂತಾಗ, 'ಆರ್ಡರು ಬಂತು!' ಎಂದು ಒಳಗೊಳಗೇ ಕುಣಿದೆ.

ತಂಡದ ನಡುವಿನಿಂದ ಒಬ್ಬ ಮುಂದೆ ಬಂದ. ನಾನು ಬೆಚ್ಚಿದೆ. ಬಂದವನು ನಾನು! ನನ್ನದೇ ಕಂದು ಗೆರೆಯ ಅಂಗಿ, ನನ್ನಂತೆಯೇ ಮೂಗಿನ ತುದಿಗೆ ಜಾರಿದ ಕನ್ನಡಕ, ನನ್ನ ಮೀಸೆ, ಕಿವಿಗೆ ಸಿಕ್ಕಿಸಿದ ಪೆನ್ನು. ನಾನು ಎಡಗೈ ಬೆನ್ನಿಗಿಟ್ಟು ನಡೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಜನ ಗುರುತು ಹಿಡಿದು 'ಹೋ' ಎಂದರು. ಅರ್ಚಿತಾ ಪದ ಎತ್ತಿದಳು:

"ಬಂದಾನೋ ಬಂದಾನೋ ಪಾತ್ರೆ ವೆಂಕಟ್ರಮಣ,
ಬೆಲೆ ಕೇಳಿದ್ರೆ ಹೇಳ್ತಾನೋ ರಾಮಾಯಣ!
ಕೊಡಕೆಷ್ಟು ಅಂದ್ರೆ ಊರ್ಯಾವ್ದು ಅಂತಾನೋ,
ಊರು ಹೇಳಿದ್ರೆ ಮಾವ ಯಾರು ಅಂತಾನೋ!"

ತಂಡವೆಲ್ಲ 'ಹೋಯ್ ಹೋಯ್' ಎಂದು ದನಿಗೂಡಿಸಿತು. ನಾನು ಕೊಟ್ಟ ಕತೆ ಇದಲ್ಲವಲ್ಲ! ಕಡಿಮೆ ಬೆಲೆಗೆ ಮಾರುವ ಪೆದ್ದ ಎಲ್ಲಿ? ಕಣ್ಣೀರು ಕಂಡರೆ ಕೊಡುವ ಕುಕ್ಕರು ಎಲ್ಲಿ?

ಆಮೇಲೆ ಬಂತು ಕತೆ. ಆ ವೆಂಕಟ್ರಮಣ ಸ್ಕೂಟರಿನಲ್ಲಿ ಹೋದಂತೆ ಓಡಿ, ದುರ್ಗಪ್ಪನ ಎದುರು ಡಬ್ಬಿ ಇಟ್ಟು, ಕೈಮುಗಿದ. "ದುರ್ಗಪ್ಪಾ, ಸುಧಾಕರಂಗೆ ಕುರ್ಚಿಯಾದ್ರೂ ಮುರೀತು. ನಂಗೆ ಎಂತದೂ ಮುರೀಲಿಲ್ಲ. ಕೈಮುಗೀತೆ, ನನ್ನ ಮಾನ ತೆಗಿ!" ದುರ್ಗಪ್ಪ ಡಬ್ಬಿಗೆ ಮುಚ್ಚಳ ಹಾಕಿದ. 'ಟಣ್!' ಮುಚ್ಚಳ ಜನರ ಮೇಲೆ ಹಾರಿತು. ಎಲ್ಲ ಮುಚ್ಚಳಗಳೂ ಹಾರಿದವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಧಾಕರ ನಕ್ಕು ನಕ್ಕು ನನ್ನ ಕರಡಿ ಹೆಗಲಿಗೇ ಒರಗಿದ.

"ಮಾನ ತೆಗಿ ಅಂತ ಮನೆಗೇ ಹೋದ್ನಲ್ಲನಾ! ಹಿಂಗೂ ಇರ್ತಾನ ಮನುಷ್ಯ!"

"ಕಾಯಿ! ಕಾಯಿ ತಾ! ವೆಂಕಟ್ರಮಣ ಎಲ್ಲಿ?" ಎಂದು ಕೂಗೆದ್ದಿತು.

ಇದೇ ಗಳಿಗೆ! ಗೇಲಿ ಬೇರೆಯಾದರೇನು, ಕಾಯಿ ಕೊಟ್ಟು ನಕ್ಕುಬಿಟ್ಟರೆ ಮಾನ ಅರ್ಧವಾದರೂ ಉಳಿಯುತ್ತದೆ. ಗುಂಪು ಸೀಳಿಕೊಂಡು ನಡುವೆ ಹಾರಿದೆ. ಮುಖವಾಡಕ್ಕೆ ಕೈಹಾಕಿ ಎಳೆದೆ. ಬರಲಿಲ್ಲ. ಬಗ್ಗಿ ಎಳೆದೆ. ಕೂತು ಎಳೆದೆ. ಕಂಬದಿಂದ ನರಸಿಂಹ ಬರಲೇ ಇಲ್ಲ, ಕಂಬದೊಳಗೇ ಸಿಕ್ಕಿಕೊಂಡ!

"ನಾನೇ ವೆಂಕಟ್ರಮಣ!" ಎಂದು ಕಿರುಚಿದೆ. ನೈಲಾನಿನೊಳಗಿಂದ ಅದು, "ಮ್ಮಾಮ್ಮೇ ಮೆಂಮಟ್ಟಮ್ಮ!" ಎಂದು ಹೊರಬಿತ್ತು.

ದುರ್ಗಪ್ಪ ಕರಡಿಯ ಬಾಯಿಗೆ ಕಿವಿಯಿಟ್ಟ. ಅವನ ಕಣ್ಣು ಅರಳಿತು. ನಂತರ ಜನರತ್ತ ತಿರುಗಿ ಕೈಯೆತ್ತಿದ.

"ಕೇಳೀರಾ ಮಹಾಜನರೇ! ಈ ಕರಡಿ ಹೇಳ್ತದೆ, ತಾನೇ ವೆಂಕಟ್ರಮಣ ಅಂತ! ಈಗ ಎರಡಾತು. ಖರೇದು ಯಾವ್ದು?"

ಜನಕ್ಕೆ ಬೇಕಾದದ್ದೂ ಅದೇ. "ಪರೀಕ್ಷೆ ಮಾಡು!" ಎಂದರು.

ದುರ್ಗಪ್ಪ ನನ್ನ ಅಂಗಡಿಯಿಂದಲೇ ಒಂದು ಸ್ಟೀಲ್ ಕೊಡ ತಂದ. ಮೊದಲು ಆ ವೆಂಕಟ್ರಮಣನೆದುರು ಹಿಡಿದ. "ಸಾವ್ಕಾರ್ರೆ, ಇದ್ಕೆಷ್ಟು?"

ಅವನು ಕನ್ನಡಕದ ಮೇಲಿನಿಂದ ದುರ್ಗಪ್ಪನ ಕಾಲಿನ ಚಪ್ಪಲಿ ನೋಡಿದ. ಕೆಮ್ಮಿದ. "ಯಾವೂರಾತು?"

"ಹೊಳನಗದ್ದೆ."

"ಹೊಳನಗದ್ದೆಲಿ ಯಾರ ಪೈಕಿ?"

"ದುರ್ಗಪ್ಪ, ಸಣ್ಣಪ್ಪನ ಮಗ."

"ಓಹೋಹೋ! ಸಣ್ಣಪ್ಪ ಅಂದ್ರೆ ನಮ್ಮನೆಯವ್ನೇ! ಬೆಲೆ ಮಾತೆಲ್ಲ ಎಂತಕ್ಕೆ, ಕೂತ್ಕ. ನಿಂಗೆ ಅಂತ ಹೇಳೂದು, ಹೊರಗೆ ಹೇಳ್ಬೇಡ. ಅಸಲೇ ತಕಂತೆ, ಒಂದು ಕಾಸು ಲಾಭ ಬೇಡ. ನಿನ್ನ ಅಪ್ಪನ ಮುಖ ನೋಡಿ!"

ಇಡೀ ಬೀದಿ ಚಪ್ಪಾಳೆ ತಟ್ಟಿತು. ಆ ದನಿ, ಆ ಕೆಮ್ಮು, ಆ 'ಅಸಲೇ ತಕಂತೆ'! ನನಗೇ ಒಂದು ಕ್ಷಣ ಸಂಶಯ ಬಂತು, ನಾನು ಯಾರು?

ಕೊಡ ನನ್ನ ಎದುರು ಬಂತು. "ಕರಡಿ ಸಾವ್ಕಾರ್ರೆ, ಇದ್ಕೆಷ್ಟು?"

ಬೆವರು ಕಣ್ಣಿಗಿಳಿದಿತ್ತು. ಕಾಲಿನ ಕೆರೆ ಮೊಣಕಾಲಿಗೇರಿತ್ತು. ಉಸಿರು ಕಟ್ಟುತ್ತಿತ್ತು. ಕರಡಿ ಬಾಯಿಯ ಬಲೆಗೆ ನನ್ನ ಬಾಯಿ ಒತ್ತಿ ಕೂಗಿದೆ: "ಮುನ್ನೂರು! ಮುನ್ನೂರಕ್ಕೆ ತಕಂಡು ಹೋಗು! ಮೊದ್ಲು ಜಿಪ್ಪು ತೆಗಿ!"

ಜನ ಮುಖ ಮುಖ ನೋಡಿಕೊಂಡರು.

"ಕೇಳಿದ ಕೂಡ್ಲೇ ಬೆಲೆ ಹೇಳ್ತಲ್ಲನಾ!" ಎಂದ ಒಬ್ಬ.

"ಮುನ್ನೂರಕ್ಕೆ ವೆಂಕಟ್ರಮಣ ಕೊಡ್ತನ? ಹೋದ ವಾರ ನಂಗೆ ನಾನೂರಾ ಇಪ್ಪತ್ತು ಹೇಳಿ, ನನ್ನ ಅಜ್ಜಿ ಹೆಸ್ರು ಕೇಳಿ, ಹತ್ತು ಬಿಟ್ಟ!" ಎಂದಳು ಒಬ್ಬಳು.

"ಬೇಕಾದ್ರೆ ಪುಕ್ಕಟೆ ಒಯ್ರಿ! ಎಲ್ಲ ಒಯ್ರಿ!" ಎಂದು ನಾನು ಅತ್ತುಬಿಟ್ಟೆ.

ಅಲ್ಲಿಗೆ ಕೇಸು ಮುಗಿಯಿತು. ಸುಧಾಕರನೇ ತೀರ್ಪು ಕೊಟ್ಟ. "ಪುಕ್ಕಟೆ ಅಂದ್ನಲ್ಲ! ಇಂವ ವೆಂಕಟ್ರಮಣ ಅಲ್ಲವೇ ಅಲ್ಲ! ಯಾವನೋ ಭಟ್ಕಳದ ಬದಿಯಂವ!"

"ಒಂದು ನಿಮಿಷ!" ಎಂದ ದುರ್ಗಪ್ಪ. "ಹೆತ್ತವಳಿಗಿಂತ ದೊಡ್ಡ ಕೋರ್ಟು ಇಲ್ಲ. ನರ್ಮದಕ್ಕ, ನೀವೇ ಹೇಳಿ."

ನನಗೆ ಹೋದ ಜೀವ ಬಂತು. ಆಯಿ ಬೆಳಿಗ್ಗೆಯಿಂದ ನನ್ನ ಕೈಹಿಡಿದು ನಡೆದವಳು! ಅವಳು ಕುರ್ಚಿಯಿಂದೆದ್ದು ಬಂದಳು. ನನ್ನ ಸುತ್ತ ಒಂದು ಸುತ್ತು ಬಂದಳು. ಊರುಗೋಲಿನಿಂದ ಕರಡಿಯ ಹೊಟ್ಟೆಗೆ ತಿವಿದಳು.

"ಆಯಿ, ನಾನೇ ಆಯಿ!"

"ಹೂಂ" ಎಂದಳು. ಆ ವೆಂಕಟ್ರಮಣನ ಹತ್ತಿರ ಹೋದಳು. ಅವನು ಬಗ್ಗಿ ಅವಳ ಕಾಲು ಮುಟ್ಟಿ, "ಆಯಿ, ಊಟ ಆತಾ? ಔಷಧ ತಕಂಡ್ಯಾ?" ಎಂದ. ಆಯಿ ಅವನ ಗಲ್ಲ ಸವರಿದಳು. ತಲೆಯ ಮೇಲೆ ಕೈಯಿಟ್ಟಳು.

"ಇಂವನೇ ನನ್ನ ಮಗ."

ಸಿಡಿಲು! ಗುಮಟೆಗಳು ಒಮ್ಮೆಲೇ ಮೊಳಗಿದವು. ನನ್ನ ಕೈಯ ಕಾಯಿಯನ್ನು ಕಿತ್ತು ಆ ವೆಂಕಟ್ರಮಣನಿಗೆ ಕೊಟ್ಟರು; ಅವನು ಅದನ್ನು ಗತ್ತಿನಿಂದ ದುರ್ಗಪ್ಪನಿಗೆ ಒಪ್ಪಿಸಿದ. "ತನ್ನ ಗೇಲಿ ತಾನೇ ಮಾಡ್ಕಂಡ! ಎಂಥ ದೊಡ್ಡ ಮನಸ್ಸು!" ಎಂದು ಜನ ಅವನ ಬೆನ್ನು ತಟ್ಟಿದರು. ಸುಧಾಕರ ಓಡಿ ಹೋಗಿ ಅವನ ಕೈ ಕುಲುಕಿದ. ನನ್ನನ್ನು, "ಸುಳ್ಳು ಕರಡಿ, ಕುಣಿ!" ಎಂದು ನಡುವೆ ತಳ್ಳಿದರು.

ನಾನು ಕಾಲೂರಿ ನಿಂತೆ. ಕುಣಿಯುವುದಿಲ್ಲ! ಪ್ರಾಣ ಹೋದರೂ ಇಲ್ಲ! ಆಗ ಆ ವೆಂಕಟ್ರಮಣ ನಗುತ್ತ ನನ್ನ ಹತ್ತಿರ ಬಂದು, ಕರಡಿಯ ಬಾಯ ಹತ್ತಿರ ಮುಖ ತಂದು, ತುಟಿ ಅಲುಗಿಸದೆ ಹೇಳಿದ:

"ಬಾಯಿ ಮುಚ್ಕಂಡು ಕುಣೀರಿ. ಊರೆಲ್ಲ ನೋಡ್ತದೆ."

ಈ ಸ್ವರವನ್ನು ಯಾವ ನೈಲಾನೂ ತಡೆಯಲಾರದು. ಸಂಸಾರದ ಇಷ್ಟೂ ವರ್ಷ, ನೆಂಟರ ಎದುರು, ಮದುವೆ ಮನೆಗಳ ಪಂಕ್ತಿಯಲ್ಲಿ, ಡಾಕ್ಟರ ಎದುರಿನ ಬೆಂಚಿನಲ್ಲಿ ಕೇಳಿದ ಸ್ವರ. ಮಾಲಿನಿ!

ಕರಡಿ ಕುಣಿಯಿತು. ಪಚಕ್ ಪಚಕ್ ಎಂದು ಹೊಳೆ ಸದ್ದು ಮಾಡುತ್ತ, ಅರ್ಚಿತಾಳ ಗುಮಟೆಗೆ ಸರಿಯಾಗಿ ಕುಣಿಯಿತು. ಜನ, "ಕರಡಿ ಸುಳ್ಳಾದ್ರೂ ಕುಣಿತ ಖರೇದು!" ಎಂದರು. ಅಂದು ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಸಂಜೆಯ ಬಿಸಿಲಿಗೆ ಜಗಲಿಯ ಮೇಲೆ ನನ್ನನ್ನು ಕವುಚಿ ಹಾಕಿಕೊಂಡು ಮಾಲಿನಿ ಜಿಪ್ಪಿಗೆ ತೆಂಗಿನೆಣ್ಣೆ ಹಚ್ಚಿದಳು. ಅದಕ್ಕೂ ಬಗ್ಗದೆ ಕತ್ತರಿ ತಂದಳು. ಅವಳ ಮೂಗಿನ ಕೆಳಗೆ ಇನ್ನೂ ನನ್ನ ಮೀಸೆಯ ಅರ್ಧ ಉಳಿದಿತ್ತು. ಅರ್ಚಿತಾ ಮೊಬೈಲಿನಲ್ಲಿ ವಿಡಿಯೋ ಹಾಕಿ ಮತ್ತೆ ಮತ್ತೆ ನಗುತ್ತಿದ್ದಳು. ಅದು ಆಗಲೇ ದೂರದ ಮಾವಿನಕುರ್ವೆ ಊರಿನವರೆಗೆ ಹೋಗಿ ಮುಟ್ಟಿತ್ತಂತೆ.

"ನಿಮ್ಮ ಹೆಸ್ರು ಊರಿಗೆಲ್ಲ ಆಗ್ಬೇಕಿತ್ತು. ಆತಲ್ಲ?" ಎಂದಳು ಮಾಲಿನಿ. "ದುರ್ಗಪ್ಪಣ್ಣ ಬಂದು ಕೇಳ್ದ, ನಿಮ್ಮ ಪಾತ್ರ ಮಾಡೂಕೆ ಜನ ಇಲ್ಲ ಅಂತ. ನಾ ಹೇಳ್ದೆ, ದಿನಾ ನೋಡಿ ಬಾಯಿಪಾಠ ಆಗದೆ, ನಾನೇ ಮಾಡ್ತೆ ಅಂತ."

ಕತ್ತರಿ ಕೊನೆಗೂ ಕೂದಲನ್ನು ಕಡಿಯಿತು. ಕರಡಿಯ ತಲೆ ಕಳಚಿ ಬಿತ್ತು. ಕುಮಟೆಯ ಗಾಳಿ ಇಷ್ಟು ರುಚಿಯೆಂದು ನನಗೆ ಗೊತ್ತಿರಲಿಲ್ಲ. ಮಾಲಿನಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಇದ್ದರೂ ತೋರಿಸುವ ಹಾಗಿರಲಿಲ್ಲ, ಕತ್ತರಿ ಇನ್ನೂ ಅವಳ ಕೈಯಲ್ಲೇ ಇತ್ತು. ಆದರೆ ಹೆತ್ತ ತಾಯಿ! ಎದ್ದು ಕೂತು, ಕವಳ ಜಗಿಯುತ್ತಿದ್ದ ಆಯಿಯನ್ನು ಕೇಳಿಯೇ ಬಿಟ್ಟೆ.

"ಆಯಿ, ನೀನೇ ನನ್ನ ಕೈ ಹಿಡ್ಕಂಡು ಪೇಟೆಗೆ ಬಂದವಳು. ಕರಡಿಯೊಳಗೆ ನಾನೇ ಇದ್ದೆ ಅಂತ ನಿಂಗೆ ಗೊತ್ತಿತ್ತಲ್ಲೇ?"

"ಗೊತ್ತಿಲ್ದೆ ಎಂತದು?"

"ಮತ್ತೆ ಅಷ್ಟು ಜನರೆದುರು ಅವಳ ತಲೆ ಮೇಲೆ ಕೈಯಿಟ್ಟು, ಇಂವನೇ ನನ್ನ ಮಗ ಅಂದ್ಯಲ್ಲೇ!"

ಆಯಿ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ನೀನು ವ್ಯಾಪಾರಸ್ಥ, ನಿಂಗೆ ಹೇಳಿಕೊಡ್ಬೇಕಾ? ಒಂದೇ ನಮೂನೆಯ ಎರಡು ಮಾಲು ಎದುರಿಗಿಟ್ಟು ಆರಿಸ್ಕ ಅಂದ್ರೆ, ಯಾರಾದ್ರೂ ಚಲೋದನ್ನೇ ಆರ್ಸ್ತ್ರಪ್ಪ!"